ಅವ್ವನ ಕೈಗುಣ, ನಾಗಮ್ಮನ ಎಮ್ಮೆ

ಮೊಸರು ಹೆಪ್ಪುಗಟ್ಟಿದ ದಿನ ಅದನ್ನು ಯಾರೂ ಗಮನಿಸುವುದಿಲ್ಲ. ಹೆಪ್ಪುಗಟ್ಟದ ದಿನ ಮಾತ್ರ ಮನೆಯಲ್ಲಿ ಅದರ ಕುರಿತು ವಿಚಾರಸಂಕಿರಣವೇ ನಡೆದುಬಿಡುತ್ತದೆ. ವಿಮಾನಗಳು ಇನ್ನೂ ಬೇಗಂಪೇಟೆಯಲ್ಲೇ ಇಳಿಯುತ್ತಿದ್ದ ಕಾಲದಲ್ಲಿ, ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಯಲ್ಲಿ ಅಂಥದೊಂದು ಸಂಕಿರಣ ಎರಡು ದಿನ ಸತತವಾಗಿ ನಡೆಯಿತು. ಬೆಳಿಗ್ಗೆ ಅವ್ವ ಮುಚ್ಚಳ ತೆಗೆದರೆ, ಹೆಪ್ಪು ಹಾಕಿದ ಹಾಲು ತನಗೇನೂ ಗೊತ್ತಿಲ್ಲವೆಂಬಂತೆ ಹಾಲಾಗಿಯೇ ಕುಳಿತಿತ್ತು. ಹೆಂಡತಿ ಚಳಿಯನ್ನು ದೂರಿದಳು. ನಾನು ಉಷ್ಣಾಂಶದ ಮೇಲೊಂದು ಕಿರು ಉಪನ್ಯಾಸ ಬಿಗಿದು, ನನ್ನ ಮಫ್ಲರನ್ನೇ ಪಾತ್ರೆಗೆ ಸುತ್ತಿ ಮಲಗಿಸಿದೆ. ಮರುದಿನ ಮಫ್ಲರಿಗೆ ಹಾಲಿನ ವಾಸನೆ ಬಂತು, ಮೊಸರು ಬರಲಿಲ್ಲ.

ಇಲ್ಲಿ ನನ್ನ ಉದ್ಯೋಗವನ್ನು ಹೇಳಲೇಬೇಕು, ನೀವು ನಗಬಾರದು. ದನಕರು, ಕುರಿಕೋಳಿಗಳಿಗೆ ಕೊಟ್ಟ ಔಷಧದ ಅಂಶ ಮಾಂಸ, ಮೊಟ್ಟೆ, ಹಾಲಿನಲ್ಲಿ ಉಳಿದಿದೆಯೇ ಎಂದು ಪರೀಕ್ಷಿಸುವುದೇ ನನ್ನ ಹೊಟ್ಟೆಪಾಡು. ಆ ತಿಂಗಳಂತೂ, ಸೂಜಿ ಚುಚ್ಚಿಸಿದ ಮೇಲೆ ಇಷ್ಟು ದಿನ ಹಾಲು ಮಾರಕೂಡದು, ಮಾರಿದರೆ ಇಂಥ ದಂಡನೆ ಎಂಬ ನಿಯಮಾವಳಿಯ ಕರಡನ್ನು ಸಮಾಸಭರಿತ ಗದ್ಯದಲ್ಲಿ ಬರೆಯುತ್ತಿದ್ದೆ. ಔಷಧ ಬೆರೆತ ಹಾಲಿನಲ್ಲಿ ಹೆಪ್ಪಿನ ಜೀವಾಣುಗಳು ಬದುಕಲಾರವು, ಅದು ಮೊಸರಾಗದು ಎಂಬುದು ತರಬೇತಿಗೆ ಬಂದವರಿಗೆ ನಾನು ಮೊದಲ ದಿನವೇ ಒಪ್ಪಿಸುತ್ತಿದ್ದ ಪಾಠ. ಮನೆಯ ಪಾತ್ರೆಯ ಮುಂದೆ ಮಾತ್ರ ಆ ಪಾಠ ನೆನಪಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆಯಲ್ಲಿ ನಾನು ಮಫ್ಲರು ಹಿಡಿದು ನಿಂತಿದ್ದೆ.

ಅವ್ವನಿಗೆ ಇದು ವಿನೋದವಾಗಿರಲಿಲ್ಲ. ಕಣ್ಣು ಮಂಜಾದ ಮೇಲೆ ಅಡುಗೆಯನ್ನೆಲ್ಲ ಸೊಸೆಗೆ ಬಿಟ್ಟುಕೊಟ್ಟು, ಹೆಪ್ಪು ಹಾಕುವುದೊಂದನ್ನೇ ತನಗೆಂದು ಉಳಿಸಿಕೊಂಡಿದ್ದಳು. ಓಣಿಯ ಕನ್ನಡದ ಮನೆಗಳವರೂ ತೆಲುಗಿನವರೂ ಅವಳ ಕೈಗುಣ ಹೊಗಳಿ ಬಟ್ಟಲು ಹಿಡಿದು ಹೆಪ್ಪಿಗೆ ಬರುತ್ತಿದ್ದರು. ಎರಡನೆಯ ದಿನದ ಸಂಜೆ ಆಕೆ ಹೆಪ್ಪಿನ ಬಟ್ಟಲನ್ನು ನನ್ನ ಹೆಂಡತಿಯ ಕೈಗಿಟ್ಟು, “ನನ್ನ ಕೈಗುಣ ಹೋತವಾ. ಇನ್ನ ನೀನ ಹಾಕು,” ಎಂದು ಹೋಗಿ ದೇವರ ಮುಂದೆ ಕುಳಿತಳು. ಆಗಲೂ ನನ್ನ ಬುದ್ಧಿ ಓಡಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿನ ನಾಗಮ್ಮ ಬಂದಳು. ಜಹೀರಾಬಾದಿನ ಕಡೆಯವಳು, ಓಣಿಯ ಕೊನೆಯ ಬಯಲಿನಲ್ಲಿ ಮೂರು ಎಮ್ಮೆ ಕಟ್ಟಿಕೊಂಡು ಬದುಕುತ್ತಿದ್ದವಳು. ಅತ್ತೆ ಹೆಪ್ಪು ಹಾಕುವುದನ್ನೇ ಬಿಟ್ಟರೆಂದು ನನ್ನ ಹೆಂಡತಿ ಹೇಳಿದ್ದೇ ತಡ, ಕ್ಯಾನು ಕೆಳಗಿಟ್ಟು ಸೀದಾ ಅವ್ವನ ಎದುರು ಬಂದು ನಿಂತಳು.

“ಅವ್ವಾರ, ನಿಮ್ಮ ಕೈದ್ದು ಏನೂ ತಪ್ಪಿಲ್ರಿ. ಒಂದ ಎಮ್ಮಿಗೆ ಕೆಚ್ಚಲು ಬಾವು ಆಗಿತ್ತು, ಸೂಜಿ ಮಾಡಿಸೀನ್ರಿ. ನಾಕ ದಿನ ಹಾಲು ಚೆಲ್ಲು ಅಂತ ಡಾಕ್ಟರ್ ಹೇಳಿದ್ರು. ಒಂದ ದಿನ ಚೆಲ್ಲಿದೆ. ಆಮ್ಯಾಲ ಜೀವ ಒಪ್ಪಲಿಲ್ರಿ, ತಂದು ಹಾಕಿಬಿಟ್ಟೆ.”

ನನ್ನ ಕೆಲಸವೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದೂ ಗೊತ್ತಿತ್ತು. ನಾನು ಸಾಕ್ಷಾತ್ ನಿಯಮಾವಳಿಯಾಗಿ ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅವ್ವ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು.

“ಅಂದ್ರ ನನ್ನ ಕೈ ಛಲೋ ಐತೇನ? ಯವ್ವಾ, ನೀ ಹೇಳಲಿಲ್ಲಂದ್ರ ಇದ ಕೊರಗಿನ್ಯಾಗ ಹೋಗಿಬಿಡ್ತಿದ್ನಲ್ಲ!” ಎಂದು ಕಣ್ಣೊರೆಸಿಕೊಂಡವಳೇ, ಅದೇ ಉಸಿರಿನಲ್ಲಿ ಗದರಿದಳು: “ಸಣ್ಣ ಕೂಸುಗಳು ಕುಡಿಯೂ ಹಾಲು ಅದು. ಉಳಿದ ಮನಿಗೂ ಹೋಗಿ ಹೇಳಿ ಬಾ.” ನಾಗಮ್ಮ ಹೋಗಿ ಹೇಳಿದಳು. ಎರಡು ಮನೆಯವರು ಅಂದೇ ಅವಳ ಹಾಲು ನಿಲ್ಲಿಸಿದರು.

ಅವಳು ಹೋದ ಮೇಲೆ ಅವ್ವ ನನ್ನತ್ತ ತಿರುಗಿದಳು. “ನಿನ್ನ ಕಾಯ್ದೇದಾಗ, ತಾನಾಗೇ ಬಂದು ಹೇಳಿದವ್ರಿಗೆ ಏನ ಬರದೀಯೋ?”

ಏನೂ ಬರೆದಿರಲಿಲ್ಲ. ಬಚ್ಚಿಟ್ಟವರಿಗೆ, ಬೆರೆಸಿದವರಿಗೆ, ಸುಳ್ಳು ಚೀಟಿ ಅಂಟಿಸಿದವರಿಗೆ ಒಂದೊಂದು ಕಲಮು ಸಿದ್ಧವಿತ್ತು. ನಿಜ ಹೇಳಿದವರಿಗೆ ಒಂದು ಸಾಲೂ ಇರಲಿಲ್ಲ. ಅಂದೇ ಒಂದು ಸಾಲು ಸೇರಿಸಿದೆ, ಮೇಲಧಿಕಾರಿಗಳು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಅವರ ಮೇಲೆ ಸಿಟ್ಟಿಲ್ಲ. ನಾನೂ ಆ ಕುರ್ಚಿಯಲ್ಲಿದ್ದರೆ ಹೊಡೆದುಹಾಕುತ್ತಿದ್ದೆನೇನೋ.

ಅವ್ವ ಬಟ್ಟಲನ್ನು ಸೊಸೆಯಿಂದ ಮರಳಿ ಪಡೆದಳು, ಬೇರೆ ಎಮ್ಮೆಯ ಹಾಲು ಗಟ್ಟಿ ಮೊಸರಾಯಿತು. ಕೆಲವು ತಿಂಗಳ ನಂತರ ಒಂದು ಮುಂಜಾನೆ ನಾಗಮ್ಮ ಬಂದು, ಕ್ಯಾನನ್ನು ಬೋರಲು ಹಿಡಿದು ತೋರಿಸಿದಳು. “ಅವ್ವಾರ, ಇವತ್ತ ಹಾಲಿಲ್ರಿ. ಮತ್ತ ಸೂಜಿ ಆಗೇತಿ, ಈ ಸಲ ಮೂರೂ ಎಮ್ಮಿಗೆ. ನಾಕ ದಿನ ಇಲ್ರಿ.” ಬರದೇ ಇದ್ದರೂ ನಡೆಯುತ್ತಿತ್ತು. ಅಷ್ಟನ್ನು ಹೇಳಲೆಂದೇ, ಖಾಲಿ ಕ್ಯಾನು ಹೊತ್ತು, ಮನೆಮನೆಗೂ ನಡೆದು ಬಂದಿದ್ದಳು.

ಯಾವ ನಿಯಮಾವಳಿಯೂ ಇನ್ನೂ ಜಾರಿಗೆ ಬಂದಿರಲಿಲ್ಲ. ನನ್ನ ಕರಡು ಕಪಾಟಿನಲ್ಲೇ ಇತ್ತು. ಅವ್ವ ಮಾತ್ರ ಆ ಖಾಲಿ ಕ್ಯಾನಿಗೆ ಕೈ ಮುಗಿದು, “ಒಳಗ ಬಾ ನಾಗಮ್ಮ. ಇವತ್ತ ಎಲ್ಲಾರೂ ಹಾಲಿಲ್ಲದ ಚಾ ಕುಡಿಯೂಣು,” ಎಂದಳು.