ಮಗ್ಗದ ಸದ್ದಿಗೆ ಮಲಗುತ್ತಿದ್ದ ಕೂಸು

ಮೊನ್ನೆ ಮೊಮ್ಮಗಳಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದೆ. ಮಗ್ಗದ ಕೋಣೆಯ ಬಾಗಿಲು ತೆರೆದೇ ಇತ್ತು. ಆ ಹೊಗೆ ಮಗ್ಗದ ಎಣ್ಣೆಯ ವಾಸನೆಗೆ ಬೆರೆತು ಮೂಗಿಗೆ ಬಡಿದದ್ದೇ ತಡ, ಎದುರು ಮನೆಯಲ್ಲಿ ಬಾಡಿಗೆಗಿದ್ದ ಮಿಲಿಟರಿಯವನ ಹೆಂಡತಿ ನೆನಪಾದಳು. ಇಂಥ ಸಂತೋಷದ ಹೊತ್ತಿನಲ್ಲಿ ಅವಳು ಯಾಕೆ ನೆನಪಾಗಬೇಕಿತ್ತೋ...

ಸಂತೋಷ ಅಂದರೆ ಅಷ್ಟಿಷ್ಟಲ್ಲ. ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಕೂಸು ಇದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯಲು ಕೂತರೆ ಬೆರಳು ನೋಯುತ್ತದೆ. ಆದರೂ ದೊಡ್ಡಬಳ್ಳಾಪುರದ ನಮ್ಮ ಬೀದಿಗೆಲ್ಲ ಹೇಳಿ ಮುಗಿಸಿದ ಮೇಲೂ ಇನ್ನೂ ಹೇಳಬೇಕು ಅನ್ನಿಸುತ್ತಿದೆ. ಕೂಸಿನ ಕೆನ್ನೆಯಲ್ಲಿ ಗುಳಿ ಬೀಳುತ್ತದೆ, ಆಕಳಿಸಿದರೆ ಮೂಗಿನ ತುದಿ ಕೆಂಪಗಾಗುತ್ತದೆ. ಇದನ್ನು ಹೇಳದೆ ಮುಂದಕ್ಕೆ ಬರೆಯಲಾರೆ.

ಆದರೆ ನನ್ನನ್ನು ಮೊದಲು ಅಜ್ಜಿ ಎಂದು ಕರೆದದ್ದು ಆ ಎದುರು ಮನೆಯವಳ ಮಗಳು.

ಆ ಮಗುವಿನ ತಾಯಿ ನರ್ಸಿಂಗ್ ಓದಿದ್ದಳು. ಗಂಡ ಎಲ್ಲೋ ಹಿಮ ಬೀಳುವ ಗಡಿಯಲ್ಲಿದ್ದ, ಹೆಂಡತಿ ಮಗುವನ್ನು ಕರೆಸಿಕೊಳ್ಳುವ ಜಾಗವಲ್ಲ. ಕೈಕೂಸು ಇಟ್ಟುಕೊಂಡು ಆಸ್ಪತ್ರೆಯ ರಾತ್ರಿ ಪಾಳಿ ಆಗದೆಂದು ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿ ಬಸ್ಸಿಗೆ ಓಡುವಳು. ಆ ಮಗುವಿಗೆ ಹಲ್ಲು ಬಂದದ್ದು ನಮ್ಮ ಮನೆಯಲ್ಲಿ. ಮೊದಲು ದಾಟಿದ್ದು ನಮ್ಮ ಹೊಸಿಲು, ಅದಕ್ಕೆ ಒಬ್ಬಟ್ಟು ಮಾಡಿ ಬೀದಿಗೆ ಹಂಚಿದವಳು ನಾನು. "ಅಪ್ಪ ಎಲ್ಲಿ ಪುಟ್ಟಿ?" ಎಂದರೆ ಗೂಡಿನಲ್ಲಿಟ್ಟ ಫೋನು ತೋರಿಸುತ್ತಿತ್ತು. ಅಪ್ಪ ಅಂದರೆ ಅದಕ್ಕೆ ಅಷ್ಟೇ.

ನಮ್ಮ ಬೀದಿಯಲ್ಲಿ ಮಕ್ಕಳಿಗೆ ಮಗ್ಗದ ಪಕ್ಕದಲ್ಲೇ ಸೀರೆಯ ಜೋಲಿ ಕಟ್ಟುತ್ತೇವೆ. ಪವರ್‌ಲೂಮು ದಡಬಡ ಓಡುತ್ತಿದ್ದರೆ ಮಲಗಿರುತ್ತವೆ, ಕರೆಂಟು ಹೋಗಿ ಸದ್ದು ನಿಂತರೆ ಎದ್ದು ಅಳುತ್ತವೆ. ಅವಳಿಗೆ ಇದು ಗೊತ್ತಿರಲಿಲ್ಲ. ಒಂದು ಭಾನುವಾರ ಬಾಗಿಲಲ್ಲಿ ನಿಂತು, "ಅಂಕಲ್, ಒಂದ್ ಗಳಿಗೆ ಮಗ್ಗ ನಿಲ್ಲಿಸ್ತೀರಾ? ಪುಟ್ಟಿ ಮಲಗಿದ್ದಾಳೆ" ಎಂದಳು.

"ನಿಲ್ಸಿದ್ರೆ ಏಳ್ತಾಳೆ ಕಣಮ್ಮ," ಎಂದರು ನಮ್ಮ ಯಜಮಾನರು. "ನಿನ್ ಮಗಳು ಆಗ್ಲೇ ನಮ್ ಕಸುಬಿಗೆ ಸೇರ್ಕೊಂಡ್ಬಿಟ್ಳು."

ಹಾಗೆ ನಗುನಗುತ್ತಾ ಇದ್ದೆವು.

ಒಂದು ಸಲ, ಇಲ್ಲೇ ಹತ್ತಿರದ ವಿಜಯಪುರದಲ್ಲಿ ತಾಯಿಗೆ ಹುಷಾರಿಲ್ಲ ಎಂದು ಮಗುವನ್ನು ನನ್ನ ಹತ್ತಿರ ಬಿಟ್ಟು ಹೋದಳು. ಪಾಪ, ಜ್ವರ ಬಿಟ್ಟ ನಾಲಿಗೆಗೆ ರುಚಿಯಿರಲಿ ಎಂದು ರಾಗಿ ಹುರಿಹಿಟ್ಟು ಮಾಡಿ ಡಬ್ಬಿ ತುಂಬಿ ಕೊಟ್ಟೆ. ಅದಾಗಿ ಸ್ವಲ್ಪ ದಿನಕ್ಕೆ, ಗಂಡನಿಗೆ ಪಂಜಾಬಿನ ಕಡೆಗೆ ವರ್ಗವಾಗಿದೆ, ಹದಿನೈದು ದಿನ ಇದ್ದು ಬರುತ್ತೇನೆ ಎಂದಳು. ಚಳಿಯ ಊರು, ಮಗುವಿನ ಕಿವಿಗೆ ಬಟ್ಟೆ ಕಟ್ಟು ಎಂದು ಹೇಳಿ ಆಟೋ ಹತ್ತಿಸಿದೆ. ಮಗು ಅಮ್ಮನ ಹೆಗಲ ಮೇಲಿಂದ ನನಗೆ ಕೈ ಚಾಚುತ್ತಲೇ ಇತ್ತು...

ಹದಿನೈದು ದಿನ ಕಳೆದು ತಿಂಗಳಾಯಿತು. ಒಂದು ಮಧ್ಯಾಹ್ನ ಎದುರು ಮನೆಗೆ ಟೆಂಪೋ ಬಂತು. ಇಳಿದದ್ದು ಅವಳ ತಾಯಿ. ಓಡಿಹೋಗಿ, "ಈಗ ಹುಷಾರಾಗಿದ್ದೀರಾ?" ಎಂದೆ.

"ನನಗೇನಾಗಿತ್ತು? ಗುಂಡ್‌ಕಲ್ಲಿದ್ದಂಗಿದ್ದೀನಿ."

"ಆವತ್ತು ಮಗೂನ ನನ್ ಹತ್ರ ಬಿಟ್ಟು, ನಿಮಗೆ ಜ್ವರ ಅಂತ ಬಂದಿದ್ಲಲ್ಲ. ಹುರಿಹಿಟ್ಟು ಕಳ್ಸಿದ್ದೆ."

"ಯಾವ ಹುರಿಹಿಟ್ಟು?" ಆ ಹೆಂಗಸು ನನ್ನ ಮುಖವನ್ನೇ ನೋಡಿದಳು. "ಆವತ್ತು ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದಲ್ವಾ ಅವಳು? ಪಂಜಾಬಿನ ಆಸ್ಪತ್ರೇಲಿ ನರ್ಸ್ ಕೆಲ್ಸ ಸಿಕ್ತು, ಗಂಡನ ಕ್ವಾಟ್ರಸ್ಸಿಗೂ ಹತ್ರ. ಮನೆ ಖಾಲಿ ಮಾಡೋಕೆ ನಾನು ಬಂದಿದ್ದೀನಿ. ನಿಮಗೆ ಹೇಳಿಲ್ವಾ?"

ಒಳಗೆ ಬಂದು ಕೂತೆ. ಟೆಂಪೋಗೆ ಪಾತ್ರೆ ತುಂಬುವುದು ಕೇಳಿಸುತ್ತಿತ್ತು. ಗಂಡ ಹೆಂಡತಿ ಒಂದು ಕಡೆ ಇರಬೇಕು, ಓದಿದ ಓದು ಕೈಗೆ ಹತ್ತಬೇಕು, ಮಗುವಿಗೆ ಅಪ್ಪ ಸಿಗಬೇಕು. ಇದನ್ನು ಬೇಡ ಎನ್ನುವವಳಲ್ಲ ನಾನು. ಹೇಳಿದ್ದರೆ ಅವಳಿಗೆ ಮಡಿಲು ತುಂಬಿ, ಮಗುವಿಗೆ ಎಣ್ಣೆ ನೀರು ಹಾಕಿ ಕಳಿಸುತ್ತಿದ್ದೆ. ಕೂಸನ್ನು ಸಾಕಲು ಬೇಕಾಗಿದ್ದ ನಾನು, ಕಳಿಸಿಕೊಡಲು ಬೇಡವಾದೆ.

ಫೋನು ಬಂದದ್ದು ಅದಾದ ಮೇಲೆ.

"ಆಂಟಿ, ಬೈಬೇಡಿ. ಪುಟ್ಟಿ ಮಲಗ್ತಾನೇ ಇಲ್ಲ. ಡಾಕ್ಟರು ಏನೂ ಇಲ್ಲ ಅಂತಾರೆ. ಅವರಪ್ಪ ಎತ್ಕೊಂಡ್ರೆ ಯಾರೋ ಅಂತ ಕಿರುಚ್ತಾಳೆ. ಇಲ್ಲಿ ಒಂಚೂರೂ ಸದ್ದಿಲ್ಲ ಆಂಟಿ... ಫೋನು ಸ್ವಲ್ಪ ಮಗ್ಗದ ಹತ್ರ ಹಿಡೀತೀರಾ?"

"ಸುಳ್ಳು ಯಾಕೆ ಹೇಳ್ದೆ?"

"ನಿಜ ಹೇಳಿ ನಿಮ್ ಮುಖ ನೋಡಿದ್ರೆ ನಾನು ಹೋಗೋಕಾಗ್ತಿರಲಿಲ್ಲ."

"ಹಾಗಾದ್ರೆ ನನ್ ಮುಖದ್ದೇ ತಪ್ಪು ಬಿಡು," ಎಂದೆ.

ನಮ್ಮ ಯಜಮಾನರು ಕೂತಲ್ಲಿಂದಲೇ, "ಕಟ್ ಮಾಡಿ ಬಿಸಾಕು ಅದನ್ನ" ಎಂದರು. ನಾನು ಮಗ್ಗದ ಹತ್ತಿರ ಹೋಗಿ ಫೋನು ಹಿಡಿದೆ.

ಆಮೇಲೆ ದಿನಾ ಮಧ್ಯಾಹ್ನ ಅದೇ ಕೆಲಸ. ಫೋನು ಹಿಡಿದು ನಿಲ್ಲುವುದು. ಮಗ್ಗದ ಸದ್ದು ಆ ಮಗುವಿಗೆ ಕೇಳುತ್ತಿತ್ತು, ಆ ಸದ್ದಿನಲ್ಲಿ ಮಗುವಿನ ದನಿ ಮಾತ್ರ ನನಗೆ ಕೇಳುತ್ತಿರಲಿಲ್ಲ. ಅತ್ತಿತೋ, ಅಜ್ಜಿ ಎಂದಿತೋ, ಒಂದೂ ತಿಳಿಯಲಿಲ್ಲ. ಒಂದು ದಿನ ನೂಲು ಮುಗಿದು ಮಗ್ಗ ನಿಂತಿತ್ತು. ಫೋನು ಬಂತು. ಬಲ್ಬು ಸುಮ್ಮನೆ ಉರಿದರೂ ಬೈಯುವ ಮನುಷ್ಯ, ಎದ್ದು ಹೋಗಿ ಬರೀ ಮಗ್ಗ ಓಡಿಸಿದರು.

ಬರಬರುತ್ತಾ ಫೋನು ಕಡಿಮೆಯಾಯಿತು. ಕೊನೆಯ ಸಲ ಅವಳ ದನಿಯಲ್ಲಿ ನಗುವಿತ್ತು. "ಈಗ ಅವರಪ್ಪನ ಎದೆ ಮೇಲೇ ಮಲ್ಕೊಂಬಿಡ್ತಾಳೆ ಆಂಟಿ. ಮಗ್ಗ ಬೇಕಾಗಿಲ್ಲ."

"ಒಳ್ಳೇದಾಯ್ತಮ್ಮ," ಎಂದೆ. ಒಳ್ಳೆಯದೇ ಆಗಿತ್ತು. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ. ನಾನೇ ಫೋನು ಮಾಡಿದರೆ, ಈ ನಂಬರು ಚಾಲ್ತಿಯಲ್ಲಿಲ್ಲ ಎಂದಿತು. ಆ ಹುಡುಗಿ ಈಗ ಸ್ಕೂಲಿಗೆ ಹೋಗುತ್ತಿರಬೇಕು. ಹಿಂದಿ ಮಾತಾಡುತ್ತಿರಬೇಕು. ದಾರಿಯಲ್ಲಿ ಸಿಕ್ಕರೆ ನಾನು ಅವಳಿಗೆ ಯಾರೂ ಅಲ್ಲ...

ಬಾಣಂತನಕ್ಕೆ ಬಂದಿರುವ ಮಗಳು ನಿನ್ನೆ ಹಿತ್ತಿಲಲ್ಲಿ ನಿಂತು ಗಂಡನೊಂದಿಗೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ನನ್ನನ್ನು ಕಂಡು ಮಾತು ನಿಲ್ಲಿಸಿದಳು.

"ಏನೇ ಅದು?"

"ಏನಿಲ್ಲಮ್ಮ."

"ಕೂಸನ್ನ ಕರ್ಕೊಂಡು ಹೊರಡೋ ದಿನ ಗೊತ್ತಾಗಿದ್ರೆ ಈಗ್ಲೇ ಹೇಳ್ಬಿಡು. ಅಳ್ತೀನಿ. ಅತ್ರೆ ಏನಾಯ್ತು, ನೀನು ಹೋಗೋದೇನು ನಿಲ್ಲಲ್ಲ."

ಮಗಳು ನೆಲ ನೋಡಿದಳು. "ಯುಗಾದಿ ಆದ್ಮೇಲಮ್ಮ. ಡ್ಯೂಟಿಗೆ ಸೇರ್ಕೋಬೇಕು."

ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಇಷ್ಟೊಂದು ಯಾಕೆ ಅಳುತ್ತೀಯ ಎಂದು ಮಗಳು ಗಾಬರಿಯಾದಳು. ಆ ಅಳುವಿನಲ್ಲಿ ಅರ್ಧ ಅವಳ ಕೂಸಿಗಲ್ಲ ಎಂದು ನಾನು ಹೇಳಲಿಲ್ಲ.