ಷಡ್ಡಕನಿಗಿಂತ ಎರಡು ಹಲಗೆ ಎತ್ತರ

ನನ್ನ ಪಿಕಪ್ ಗಾಡಿಯ ಚಾಸಿ, ಆ ಅಡಿಯ ಕಬ್ಬಿಣದ ಚೌಕಟ್ಟು, ಸೀಳಿಹೋದದ್ದು ಹೊಟ್ಟೆಕಿಚ್ಚಿನಿಂದ. ರಸ್ತೆಯನ್ನು ಬೈದೆ, ಮಳೆಯನ್ನು ಬೈದೆ, ಆದರೆ ನಿಜ ಇದೇ.

ಊಟಿ ಕಡೆಯ ಕಟ್ಟಬೆಟ್ಟಿನ ಸುತ್ತ ಸಣ್ಣ ಬೆಳೆಗಾರರಿಂದ ಚಹಾ ಎಲೆ ಒಟ್ಟುಮಾಡಿ ಫ್ಯಾಕ್ಟರಿಗೆ ಸಾಗಿಸುವುದು ನನ್ನ ಕಸುಬು. ಕಿತ್ತ ಎಲೆ ಅಂದೇ ಸಂಜೆಯೊಳಗೆ ಹೋಗಬೇಕು. ಒಂದು ದಿನ ತಪ್ಪಿದರೆ ಸಹಿಸುತ್ತಾರೆ, ಎರಡನೆಯ ದಿನ ಬೇರೆ ಗಾಡಿಗೆ ಕೈ ತೋರಿಸುತ್ತಾರೆ. ನಾನು ದಿನವೂ ಎಲೆ ಎತ್ತುವ ದಾರಿಯಲ್ಲಿ, ನನ್ನ ಲೈನಿನಲ್ಲಿ, ಇಷ್ಟು ವರ್ಷ ಯಾರೂ ಹಾಗೆ ಮಾಡಿರಲಿಲ್ಲ.

ಆಗ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಪಕ್ಕದ ಲೈನಿಗೆ ಹೊಸ ಗಾಡಿ ತಂದ. ನನ್ನದಕ್ಕಿಂತ ಒಂದು ಮೊಳ ಉದ್ದದ ಬಾಡಿ. ಪೂಜೆಯ ದಿನ ಚಕ್ರದಡಿಗೆ ನಿಂಬೆಹಣ್ಣು ಇಟ್ಟವನು ನಾನೇ. "ಒಳ್ಳೇದಾಗ್ಲಿ" ಎಂದೆ. ಮನೆಗೆ ಬಂದು ಊಟ ಮಾಡಲಿಲ್ಲ. "ಸೀಟು ಎಷ್ಟು ಮೆತ್ತಗಿದೆ ನೋಡಿದ್ರಾ?" ಎಂದು ಹೆಂಡತಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

ಅವನಿಗಿಂತ ಹೆಚ್ಚು ಮೂಟೆ ಹೇರಲೇಬೇಕೆಂದು ಹಟ ಹಿಡಿಯಿತು. ಎಲೆಯನ್ನು ಅದುಮಿ ತುಂಬುವಂತಿಲ್ಲ, ಚೀಲದೊಳಗೇ ಬಿಸಿಯಾಗಿ ಕೆಂಪಾಗುತ್ತದೆ. ಮೇಲಕ್ಕೇ ಹೋಗಬೇಕು. ಬಾಡಿಯ ಸುತ್ತ ಎರಡೆರಡು ಹಲಗೆ ಏರಿಸಿದೆ. ಭಾರಕ್ಕೆ ಗಾಡಿಯ ಹಿಂಭಾಗ ಕುಸಿಯಿತು. ಅದು ಷಡ್ಡಕನ ಕಣ್ಣಿಗೆ ಬೀಳಬಾರದೆಂದು ಹಿಂಚಕ್ರದ ಸ್ಪ್ರಿಂಗಿಗೆ ಇನ್ನೂ ಎರಡು ಉಕ್ಕಿನ ಪಟ್ಟಿ ಸೇರಿಸಿದೆ. ಆಮೇಲೆ ಎಷ್ಟು ಹೇರಿದರೂ ಗಾಡಿ ಎದೆ ಸೆಟೆದು ನಿಲ್ಲುತ್ತಿತ್ತು, ನನ್ನ ಹಾಗೆಯೇ.

ಎಂಟು ತಿಂಗಳಾದ ಮೇಲೆ ಒಂದು ತಿರುವಿನಲ್ಲಿ ಗಾಡಿಯ ಅಡಿ ಕಟ್ ಎಂದಿತು. ಬಾಡಿ ಪಕ್ಕಕ್ಕೆ ವಾಲಿತು. ಊಟಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಬಾಡಿಯನ್ನು ಬಿಚ್ಚಿ ಕೆಳಗಿಟ್ಟರು. ಬರೀ ಚಾಸಿಯನ್ನು ಅಂದೇ ನಾನು ಮೊದಲು ನೋಡಿದ್ದು. ಎಡಗಡೆಯ ಕಬ್ಬಿಣದ ತೊಲೆ ಹಿಂದಿನ ಚಕ್ರದ ಮೇಲೆ ಬಾಯಿ ಬಿಟ್ಟಿತ್ತು.

"ಪಟ್ಟಿ ಯಾರು ಸೇರಿಸ್ದ್ರು ತಂಬಿ?" ಎಂದರು ವಯಸ್ಸಾದ ಮೇಸ್ತ್ರಿ.

"ನಾನೇ."

"ಕುಸಿಯೋ ಗಾಡಿ ಉಳ್ಕೊಳ್ತದೆ. ಕುಸಿಯಕ್ಕೆ ಬಿಡ್ಲಿಲ್ಲ ಅಂದ್ರೆ ಭಾರ ಎಲ್ಲಿಗೆ ಹೋಗೋದು? ಚಾಸಿಗೇ. ನೇರ ಮಾಡಿ, ಒಳಗೆ ದಪ್ಪ ತಗಡು ಕೊಟ್ಟು ಬೆಸೀತೀನಿ. ಆದ್ರೆ ಹಲಗೆ, ಪಟ್ಟಿ ಎರಡೂ ಬಿಚ್ಚಬೇಕು. ಇಲ್ಲಾಂದ್ರೆ ನಾನು ಕೈ ಇಡಲ್ಲ."

ಹದಿನೆಂಟು ದಿನ ಹಿಡಿಯಿತು. "ಅಣ್ಣ, ನಿಮ್ ಲೈನ್ ನಾನು ನೋಡ್ಕೋತೀನಿ" ಎಂದು ಷಡ್ಡಕ ತಾನಾಗಿಯೇ ಬಂದ. ಇನ್ನೇನು ಹೇಳಲಿ, "ಸರಿ" ಎಂದೆ. ದಿನವೂ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಕೊನೆಯ ತೋಟದ ಬಡಗ ಜನಾಂಗದ ಅಜ್ಜಿ ನನಗೆಂದೇ ಒಂದು ಹಿತ್ತಾಳೆ ಲೋಟದಲ್ಲಿ ಕಾಫಿ ಕೊಡುತ್ತಿದ್ದರು. ಆ ಲೋಟ ಅವನ ಕೈಯಲ್ಲಿ ಕಂಡಾಗ ನನ್ನ ಲೈನು ಹೋಯಿತೆಂದೇ ಲೆಕ್ಕ ಹಾಕಿದೆ.

ಹತ್ತೊಂಬತ್ತನೆಯ ದಿನ ಗಾಡಿ ತೆಗೆದುಕೊಂಡು ಹೋದರೆ ಎಲ್ಲರೂ ಮೂಟೆ ಇಟ್ಟುಕೊಂಡು ಕಾಯುತ್ತಿದ್ದರು. ಅಜ್ಜಿ ಲೋಟ ಕೈಗಿಟ್ಟು, "ದಿನಾ ಹೇಳ್ತಿದ್ದ ಕಣಪ್ಪ, ಇದು ಅಣ್ಣನ ಲೈನು, ಅಣ್ಣ ಬರೋವರೆಗೆ ನಾನು ಅಂತ" ಎಂದರು.

ಸಂತೋಷಪಡಬೇಕಿತ್ತು. ಗಾಡಿಯಲ್ಲಿ ಅವನು ಮುಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಒಳ್ಳೆಯತನದಲ್ಲೂ ಮುಂದೆ ಹೋಗಿ ಕೂತಿದ್ದಾನಲ್ಲ, ಹಾಳಾದವನು.

ಹಲಗೆಯಿಲ್ಲದ ಬಾಡಿ ಬೇಗ ತುಂಬಿತು. ಒಂಬತ್ತು ಮೂಟೆ ರಸ್ತೆಯಲ್ಲೇ ಉಳಿದವು. ಹೊತ್ತು ಇಳಿಯುತ್ತಿತ್ತು, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಫೋನ್ ತೆಗೆದು ಅವನಿಗೆ ಮಾಡಿದೆ.

"ಎಷ್ಟು ಮೂಟೆ ಉಳೀತು ಅಣ್ಣ?" ಎಂದ. ನಾನಿನ್ನೂ ಬಾಯಿ ತೆರೆದಿರಲಿಲ್ಲ. "ಇಲ್ಲೇ ಕೆಳಗಿನ ತಿರುವಲ್ಲಿದ್ದೀನಿ. ಜಾಗ ಬಿಟ್ಕೊಂಡೇ ಬಂದೆ."

ಅಜ್ಜಿ ಒಳಗೆ ಹೋಗಿ ಅವನಿಗೆಂದು ಇನ್ನೊಂದು ಲೋಟ ತಂದರು. ಅದರಲ್ಲಿ ಕಾಫಿ ನನ್ನದಕ್ಕಿಂತ ಒಂದು ಬೆರಳು ಹೆಚ್ಚಿತ್ತು.