ರೊಟ್ಟಿ ಬಡಿಯುವ ಸದ್ದು

ಬೆಂಗಳೂರಿಗೆ ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ನನ್ನ ಗಂಡ ಹೇಳುವುದು ಒಂದೇ ಮಾತು: ಮಕ್ಕಳ ಓದಿಗೆ. ನಾನೂ ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತೇನೆ. ನಿಜ ಹೇಳಬೇಕೆಂದರೆ ನಾನು ಬಂದದ್ದು ರೊಟ್ಟಿ ಬಡಿಯುವುದು ತಪ್ಪಲಿ ಅಂತ. ನಗುವವರು ನಗಲಿ. ಬಾಗಲಕೋಟೆ ಕಡೆಯ ತುಂಬಿದ ಮನೆಗೆ ಸೊಸೆಯಾಗಿ ಹೋಗಿ, ಹೊಲಕ್ಕೆ ಹೋಗುವವರಿಗೆ, ಅಂಗಡಿಗೆ ಹೋಗುವವರಿಗೆ, ಬಂದ ಬೀಗರಿಗೆ ಅಂತ ಬೆಳಗಿನಿಂದ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿದು ನೋಡಲಿ, ಆಮೇಲೆ ನಗಲಿ. ಅಲ್ಲಿ ನನ್ನ ಜೊತೆ ಬಡಿಯುತ್ತಿದ್ದವಳು ಮೈದುನನ ಹೆಂಡತಿ ಒಬ್ಬಳೇ. ನಾವು ಹೊರಟ ದಿನ ಅವಳು ಅಳಲಿಲ್ಲ. "ನೀ ಪಾರಾದಿ ನೋಡಕ್ಕಾ" ಅಂದಳು.

ಗೋವಿಂದರಾಜನಗರದಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ಗಂಡನಿಗೆ ಮಾಗಡಿ ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಕುಕ್ಕರ್ ಕೂಗಿದರೆ ನನ್ನ ಅಡುಗೆ ಮುಗಿಯಿತು. ವಿಜಯನಗರದ ಸೀರೆ ಅಂಗಡಿಯೊಂದರಲ್ಲಿ ಹೆಂಗಸರು ಬೇಕು ಅಂತ ಬೋರ್ಡ್ ಕಂಡಿತು. ಧೈರ್ಯ ಮಾಡಿ ಒಳಗೆ ಹೋಗಿ ಕೇಳಿದೆ. ಹಬ್ಬ ಮುಗಿಸಿಕೊಂಡು ಬನ್ನಿ ಅಂದರು. ಅಬ್ಬಾ, ಆ ಸಂತೋಷ! ಫ್ಯಾನಿನ ಕೆಳಗೆ ನಿಂತು ಜರಿ ಸೆರಗು ಬಿಡಿಸಿ ತೋರಿಸುವುದು, ಕೈಗೆ ಹಿಟ್ಟು ಅಂಟದ ಒಂದು ಕೆಲಸ. ಊರಿಗೆ ಫೋನ್ ಮಾಡಿ ಮೈದುನನ ಹೆಂಡತಿಗೆ ಅವತ್ತೇ ಹೇಳಿದೆ.

ಆ ಹಬ್ಬವೇ ನನ್ನನ್ನು ಹಾಳು ಮಾಡಿತು. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಮ್ಮ ಕಡೆ ಅಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ನೆರೆಮನೆಗೆ ಕೊಡದೆ ಉಣ್ಣುವುದಿಲ್ಲ. ಇಲ್ಲಿಯವರಿಗೆ ಎಳ್ಳುಬೆಲ್ಲ ಕೊಟ್ಟಿದ್ದರೆ ಸಾಕಾಗುತ್ತಿತ್ತು. ನನಗೆಲ್ಲಿತ್ತೋ ಆ ಊರ ಅಭಿಮಾನ, ತಟ್ಟೆ ತುಂಬ ರೊಟ್ಟಿ ಹೊತ್ತು ಬೀದಿಯ ಆ ತುದಿಯವರೆಗೂ ಕೊಟ್ಟು ಬಂದೆ. ಮರುದಿನ ಮನೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು.

"ಏನ್ ರೊಟ್ಟಿ ರೀ ಅದು! ನಮ್ಮನೆಯವ್ರಿಗೆ ಶುಗರ್ ಅಲ್ವಾ, ದಿನಾ ಮಾಡ್ಕೊಡ್ತೀರಾ? ಸುಮ್ನೆ ಬೇಡ, ದುಡ್ಡು ಕೊಡ್ತೀನಿ ಕಣ್ರೀ."

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ, "ಆತು ಬಿಡ್ರೀ, ಮಾಡ್ತಾಳ" ಅಂದುಬಿಟ್ಟರು.

ಆಂಟಿ ಆದ ಮೇಲೆ ಚಂದ್ರಾ ಲೇಔಟಿನ ಅವರ ತಂಗಿ. ಆಮೇಲೆ ಪಿ.ಜಿ.ಗಳಲ್ಲಿರುವ ನಮ್ಮ ಕಡೆಯ ಹುಡುಗರು, ಹೊಸಹಳ್ಳಿಯ ಒಂದು ಖಾನಾವಳಿ. ಊರು ಬಿಟ್ಟು ಬಂದವರಿಗೆಲ್ಲ ಊರಿನ ರೊಟ್ಟಿಯೇ ಬೇಕು. ಹಾಗಿದ್ದರೆ ಯಾಕಾದರೂ ಬಂದಿರಪ್ಪಾ ಅಂತ ಕೇಳಬೇಕೆನಿಸುತ್ತದೆ. ಗಂಡ ಅಂಗಡಿ ಕೆಲಸ ಬಿಟ್ಟು ಸ್ಕೂಟರಿನಲ್ಲಿ ರೊಟ್ಟಿ ತಲುಪಿಸತೊಡಗಿದರು. ಸೀರೆ ಅಂಗಡಿಯ ಮಾತೆತ್ತಿದರೆ, "ಅಲ್ಲಿ ಯಾರದೋ ಕೈಕೆಳಗ ಯಾಕ? ಇಲ್ಲಿ ನೀನ ಮಾಲಕಿ" ಅಂದರು. ಮಾಲಕಿಯಂತೆ, ಸುಡುಗಾಡು! ಈ ಮಾಲಕಿಗೆ ಕೂತಲ್ಲಿಂದ ಏಳಲು ಪುರುಸೊತ್ತಿಲ್ಲ. ಒಂದು ದಿನ ಗಿರಣಿಗೆ ಹೋಗುವಾಗ ಆ ಅಂಗಡಿಯ ಗಾಜಿನಾಚೆ ಯಾರೋ ಹುಡುಗಿ ಸೆರಗು ಬಿಡಿಸುತ್ತಿದ್ದಳು. ಹೊಟ್ಟೆ ಉರಿದುಹೋಯಿತು. ನಾನು ಜೋಳದ ಚೀಲ ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದೆ.

ಊರಿಗೆ ಮಾತ್ರ ಸೀರೆ ಅಂಗಡಿಗೆ ಹೋಗುತ್ತಿದ್ದೇನೆ ಅಂತಲೇ ಹೇಳುತ್ತ ಬಂದೆ. ಬೇರೆ ಏನು ಹೇಳಲಿ?

ಮೊನ್ನೆ ಬೆಳಿಗ್ಗೆ ಮೈದುನನ ಹೆಂಡತಿಯ ಫೋನ್ ಬಂತು. ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟೆ. ಕೈ ತನ್ನ ಪಾಡಿಗೆ ಬಡಿಯುತ್ತಲೇ ಇತ್ತು, ನನಗೆ ಎಚ್ಚರವೇ ಇಲ್ಲ.

"ಅಕ್ಕಾ, ನನಗೂ ಇಲ್ಲಿ ಸಾಕಾಗೇತಿ. ಇವರಿಗೂ ಅಲ್ಲೇ ಏನರ ಕೆಲಸ ನೋಡು. ನಿಮ್ಮ ಸೀರಿ ಅಂಗಡ್ಯಾಗ ನನ್ನೂ..."

ಅವಳ ಮಾತು ಅಲ್ಲಿಗೇ ನಿಂತಿತು. ಅವಳೂ ಅಲ್ಲಿ ಬಡಿಯುತ್ತಿದ್ದಳೆಂದು ಕಾಣುತ್ತದೆ, ಆ ಸದ್ದೂ ನಿಂತಿತು. ನನ್ನದೊಂದೇ ಕೇಳುತ್ತಿತ್ತು. ಕೈ ತಡೆದೆ, ಆದರೆ ಹೊತ್ತು ಮೀರಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಬಡಿದವಳಿಗೆ ನನ್ನ ಕೈ ಗೊತ್ತಾಗದೆ ಇರುತ್ತದೆಯೇ!

"ಅಕ್ಕಾ," ಅಂದಳು ದನಿ ತಗ್ಗಿಸಿ, "ಅಲ್ಲಿ ಎಷ್ಟು ಮಂದಿಗಿ?"

ಸುಳ್ಳು ಹೇಳಬೇಕೆಂದುಕೊಂಡೆ. ಕೈಗೆ ಅಂಟಿದ ಹಿಟ್ಟು ನೋಡಿಕೊಂಡೆ.

"ಇಡೀ ಊರಿಗೆ, ತಂಗಿ" ಅಂದೆ.